ಸಹಾಯ ಬೇಕು: ಅಜ್ಜಿಯ ಹಳೇ ಟೈಪಿಂಗ್ ಸರ್ಟಿಫಿಕೇಟ್ ಕೊಟ್ಟಿದ್ದು ಯಾರು?

ನಮಸ್ಕಾರ ಎಲ್ರಿಗೂ. ನಮ್ಮಜ್ಜಿ 1950ರ ದಶಕದಲ್ಲಿ ಮೈಸೂರಲ್ಲಿ ಬಿಎ ಓದಿದೋರು, ಟ್ರಂಕಲ್ಲಿ ಅವರ ಸೋಷಿಯಾಲಜಿ ಮಾರ್ಕ್ಸ್ ಕಾರ್ಡು ಜೊತೆಗೆ ಟೈಪ್‌ರೈಟಿಂಗ್ ಜೂನಿಯರ್ ಪಾಸಾಗಿರೋ ಒಂದು ಸರ್ಟಿಫಿಕೇಟು ಸಿಕ್ತು, ಸೀಲು ಅಳಿಸಿಹೋಗಿದೆ. ಸೋಷಿಯಾಲಜಿ ಬಗ್ಗೆ ಆಶ್ಚರ್ಯ ಇಲ್ಲ ಬಿಡಿ, ಹೆಸರಾಂತ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1936ರಲ್ಲೇ ಮೈಸೂರಿನ ಮಹಾರಾಜಾ ಕಾಲೇಜಲ್ಲಿ ಸೋಷಿಯಲ್ ಫಿಲಾಸಫಿ ಆನರ್ಸ್ ಮುಗಿಸಿದ್ರು. ತಲೆ ಕೆಡಿಸಿರೋದು ಟೈಪಿಂಗು. ಈಗ ಆ ಪರೀಕ್ಷೆ ನಡೆಸೋದು ಎಸ್ಸೆಸ್ಸೆಲ್ಸಿ ಬೋರ್ಡು, ಆದ್ರೆ ಬೋರ್ಡ್ ಶುರುವಾಗಿದ್ದೇ 1966ರಲ್ಲಿ. ಕಾಲೇಜ್ ಆಫೀಸಲ್ಲಿ ಕೇಳಿದ್ರೆ ನಮ್ದಲ್ಲ ಅಂದ್ರು, ಅಜ್ಜಿಗೋ ಸಂಜೆ ಕ್ಲಾಸಿಗೆ ಹೋಗ್ತಿದ್ದಿದ್ದಷ್ಟೇ ನೆನಪು.

1966ಕ್ಕೂ ಮುಂಚೆ ಮೈಸೂರು ರಾಜ್ಯದಲ್ಲಿ ಟೈಪಿಂಗ್ ಪರೀಕ್ಷೆ ಯಾವ ಇಲಾಖೆ ನಡೆಸ್ತಿತ್ತು, ಆ ಕಾಲದ ರಿಜಿಸ್ಟರ್ ಈಗ ಎಲ್ಲಿ ಕೇಳ್ಬೇಕು? ಗೊತ್ತಿರೋರು ದಯವಿಟ್ಟು ಹೇಳಿ.