ಕ್ಯೂಬಾ ಶೈಲಿಯ ಕಪ್ಪು ಕಾಳು: ಬಣ್ಣವೂ ಹೋಯಿತು, ಕಾಳೂ ಬೇಯಲಿಲ್ಲ

ತೋಟದಮನೆ, ಚಿಕ್ಕಮಗಳೂರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಯಾಮಿಯಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ಈ ಸಲ ರಜೆಗೆ ಬರುವಾಗ ಕಪ್ಪು ಬೀನ್ಸ್ ಕಾಳಿನ ಎರಡು ಪೊಟ್ಟಣಗಳನ್ನು ತಂದಿದ್ದಾನೆ. ಅವನ ಕಚೇರಿಯ ಹತ್ತಿರ ಕ್ಯೂಬಾದವರು ನಡೆಸುವ ಒಂದು ಚಿಕ್ಕ ಹೋಟೆಲ್ ಇದೆಯಂತೆ. ಅಲ್ಲಿ ಬಿಳಿ ಅನ್ನದ ಜೊತೆಗೆ ಬಡಿಸುವ 'ಫ್ರಿಹೋಲೆಸ್ ನೆಗ್ರೋಸ್' ಎಂಬ ಕಪ್ಪು ಕಾಳಿನ ಗಟ್ಟಿ ಸಾರನ್ನು ಉಂಡಾಗಲೆಲ್ಲ ನಮ್ಮಮ್ಮನ ಹುರುಳಿ ಸಾರು ನೆನಪಾಗುತ್ತದೆ ಎಂದು ಅವನು ಫೋನಿನಲ್ಲಿ ಹೇಳುತ್ತಲೇ ಇರುತ್ತಾನೆ. ಹಾಗಾದರೆ ಅದನ್ನೇ ಮನೆಯಲ್ಲಿ ಮಾಡಿ ಬಡಿಸೋಣವೆಂದು ಹೊರಟ ನಾನು ಕಳೆದ ಭಾನುವಾರ ಕಾಲು ಕಿಲೋ ಕಾಳನ್ನು ಹಾಳುಮಾಡಿದ್ದೇನೆ.

ಮಾಡಿದ್ದಿಷ್ಟು: ರಾತ್ರಿ ನೆನೆಹಾಕಿದ ಕಾಳಿನ ನೀರು ಬೆಳಿಗ್ಗೆ ನೇರಳೆ ಬಣ್ಣಕ್ಕೆ ತಿರುಗಿತ್ತು, ಕೊಳೆಯೆಂದು ತಿಳಿದು ಅದನ್ನು ಚೆಲ್ಲಿ, ಮೂರು ಸಲ ತೊಳೆದೆ. ಬಳಿಕ ಬೋರ್‌ವೆಲ್ ನೀರು, ಎರಡು ಟೊಮೆಟೊ, ಎರಡು ಚಮಚ ವಿನೆಗರ್, ಉಪ್ಪು, ಪಲಾವ್ ಎಲೆ ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ ಎಂಟು ಕೂಗು ಕೂಗಿಸಿದೆ. ಮುಚ್ಚಳ ತೆಗೆದಾಗ ಸಿಪ್ಪೆ ಬಿಟ್ಟುಕೊಂಡು ತೇಲುತ್ತಿತ್ತು, ಒಳಗಿನ ಬೇಳೆ ಮಾತ್ರ ಹಲ್ಲಿಗೆ ಕಟುಕೆನ್ನುತ್ತಿತ್ತು, ಬಣ್ಣ ಒಲೆಯ ಬೂದಿಯಂತಾಗಿತ್ತು. ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟ ಮೇಲೆ ಪಲಾವ್ ಎಲೆಯ ವಾಸನೆಯೂ ಸೇರಿ ಅದು ಯಾವ ದೇಶದ ಅಡುಗೆಯೂ ಆಗದೆ ಹೋಯಿತು. ತಮ್ಮ ಮರುಮಾತಿಲ್ಲದೆ ಉಂಡನೆಂಬುದೇ ನನಗೆ ಹೆಚ್ಚಿನ ಸಂಕಟ. ಅವನು ಹಿಂದಿರುಗಲು ಇನ್ನು ಹತ್ತು ದಿನಗಳಿವೆ. ಎಲ್ಲಿ ತಪ್ಪಿದೆನೆಂದು ಬಲ್ಲವರು ತಿಳಿಸಿಕೊಡಬೇಕಾಗಿ ವಿನಂತಿ.

ಕಟ್ಟಿನಸಾರು, ಅರಸೀಕೆರೆ

ಅಕ್ಕ, ನಿಮ್ಮ ಬೋರ್‌ವೆಲ್ ನೀರನ್ನೇ ಮೊದಲು ಅನುಮಾನಿಸಿ. ನಮ್ಮ ಕಡೆ ಕೊಳವೆಬಾವಿಯ ಗಡಸು ನೀರಿನಲ್ಲಿ ತೊಗರಿಬೇಳೆಯೇ ಬೇಯುವುದಿಲ್ಲ. ಬೇಳೆಗೆಂದೇ ಪ್ರತ್ಯೇಕವಾಗಿ ಒಂದು ಬಿಂದಿಗೆ ಸಿಹಿನೀರು ಇಟ್ಟುಕೊಳ್ಳುವ ಮನೆಗಳಿವೆ. ಇನ್ನೊಂದು ಮಾತು: ಸಂತೆಯಲ್ಲಿ ಕಪ್ಪು ಹುರುಳಿ ಧಾರಾಳವಾಗಿ ಸಿಗುವಾಗ, ಪೊಟ್ಟಣದ ಕಾಳನ್ನು ನಂಬಿ ಕುಳಿತುಕೊಳ್ಳದೆ ಅದರಲ್ಲಿಯೇ ಪ್ರಯೋಗ ಮಾಡಬಹುದಲ್ಲವೇ?

ಹಡಗಿನಡುಗೆ, ಹಾಸನ

ಮಯಾಮಿಯಿಂದ ಹೊರಡುವ ಪ್ರವಾಸಿ ಹಡಗುಗಳ ಅಡುಗೆಮನೆಯಲ್ಲಿ ಒಂಬತ್ತು ವರ್ಷ ದುಡಿದು, ಈಗ ಹಾಸನದಲ್ಲಿ ಒಂದು ಸಣ್ಣ ಮೆಸ್ ನಡೆಸಿಕೊಂಡಿದ್ದೇನೆ. ಅಲ್ಲಿ ಸಿಬ್ಬಂದಿಯ ಊಟ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಹವಾನಾ ಮೂಲದವರು; ಈ ಕಾಳನ್ನು ಬೇಯಿಸುವುದನ್ನು ನಾನು ಕಲಿತದ್ದು ಅವರ ಪಕ್ಕದಲ್ಲಿ ನಿಂತು, ಈರುಳ್ಳಿ ಹೆಚ್ಚಿಕೊಡುತ್ತಾ.

ಅರಸೀಕೆರೆಯವರು ನೀರಿನ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ, ಹುರುಳಿಯ ವಿಷಯ ಮಾತ್ರ ಒಪ್ಪಲಾರೆ. ಬಣ್ಣ ಕಪ್ಪಾದರೂ ಹುರುಳಿ ಬೇರೆ ಕುಲದ ಕಾಳು. ಅದು ಬೆಂದರೂ ಬಿಡಿಬಿಡಿಯಾಗಿ ನಿಲ್ಲುತ್ತದೆ, ಅದರ ಒಗರೂ ಬೇರೆ. ಕ್ಯೂಬಾದವರ ಕಾಳು ರಾಜ್ಮಾ ಹಾಗೂ ನಮ್ಮ ಹುರುಳಿಕಾಯಿಯ, ಎಂದರೆ ತರಕಾರಿ ಬೀನ್ಸಿನ, ಒಡಹುಟ್ಟು. ಅಮೆರಿಕ ಖಂಡದಲ್ಲಿಯೇ ಹುಟ್ಟಿ ಬೆಳೆದ ಬೆಳೆ ಅದು. ಪೊಟ್ಟಣ ಮುಗಿದ ಮೇಲೆ ಬದಲಿ ಬೇಕೆನಿಸಿದರೆ ಉತ್ತರಾಖಂಡದ ಕಡೆಯಿಂದ ಬರುವ ಕಪ್ಪು ರಾಜ್ಮಾ ತರಿಸಿಕೊಳ್ಳಿ.

ಇನ್ನು ನಿಮ್ಮ ಕಾಳು ಏಕೆ ಬೇಯಲಿಲ್ಲ ಎಂಬುದಕ್ಕೆ ಬರುತ್ತೇನೆ. ಕಾಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ಅಂಶ. ಅದು ಕರಗಿದರೆ ಮಾತ್ರ ಕಾಳು ಮೆತ್ತಗಾಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಅದನ್ನು ಬಿಗಿಯುತ್ತದೆ, ಟೊಮೆಟೊ ಮತ್ತು ವಿನೆಗರಿನ ಹುಳಿ ಅದನ್ನು ಕರಗಗೊಡುವುದಿಲ್ಲ. ನೀವು ಎರಡನ್ನೂ ಮೊದಲೇ ಕೂಡಿಸಿದ್ದರಿಂದ ಎಂಟಲ್ಲ, ಹದಿನೆಂಟು ಕೂಗು ಕೂಗಿಸಿದ್ದರೂ ಫಲ ಅಷ್ಟೇ ಆಗುತ್ತಿತ್ತು. ನಮ್ಮ ಮನೆಗಳಲ್ಲಿ ಬೇಳೆ ಬೆಂದ ಮೇಲೆಯೇ ಹುಣಸೆಹುಳಿ ಹಿಂಡುವುದಿಲ್ಲವೇ? ಇಲ್ಲಿಯೂ ಕ್ರಮ ಅದೇ. ಟೊಮೆಟೊವನ್ನಂತೂ ಹವಾನಾದ ಆ ಹಿರಿಯರು ಈ ಪಾತ್ರೆಯ ಹತ್ತಿರಕ್ಕೂ ತರುತ್ತಿರಲಿಲ್ಲ. ಉಪ್ಪಿನ ಮೇಲೆ ಮಾತ್ರ ತಪ್ಪು ಹೊರಿಸಬೇಡಿ: ನೆನೆಯುವ ನೀರಿಗೇ ಒಂದು ಚಮಚ ಉಪ್ಪು ಬೆರೆಸಿದರೆ ಸಿಪ್ಪೆ ಮೃದುವಾಗಿ, ಒಡೆಯದೆ ಬೇಯುತ್ತದೆ.

ಬಣ್ಣದ ವಿಷಯ. ನೀವು ಚೆಲ್ಲಿದ ಆ ನೇರಳೆ ನೀರು ಕೊಳೆಯಲ್ಲ. ನೇರಳೆಹಣ್ಣಿನಲ್ಲಿಯೂ ಇರುವ ಆಂಥೋಸಯನಿನ್ ಎಂಬ ಬಣ್ಣ ಈ ಕಾಳಿನ ಸಿಪ್ಪೆಯಲ್ಲಿದ್ದು, ನೀರಿಗೆ ಸುಲಭವಾಗಿ ಇಳಿಯುತ್ತದೆ. ಆದ್ದರಿಂದ ಕಾಳನ್ನು ನೆನೆಹಾಕುವ ಮೊದಲೇ ಆರಿಸಿ, ಚೆನ್ನಾಗಿ ತೊಳೆದು, ಬಳಿಕ ನೆನೆದ ನೀರಿನಲ್ಲಿಯೇ ಬೇಯಿಸುವುದು ಅಲ್ಲಿನ ಬಹಳ ಮನೆಗಳ ರೂಢಿ. ಕಾಲು ಕಿಲೋ ಕಾಳಿಗೆ ಐದು ಲೋಟ ಸಿಹಿನೀರು ಹಾಕಿ, ಎಂಟರಿಂದ ಹತ್ತು ಗಂಟೆ ನೆನೆಸಿರಿ. ಬೇಯಲು ಇಡುವಾಗ ಅರ್ಧ ದೊಣ್ಣೆ ಮೆಣಸಿನಕಾಯಿ, ಅರ್ಧ ಈರುಳ್ಳಿಯನ್ನು ಹೆಚ್ಚದೆ ಹಾಗೆಯೇ ಹಾಕಿ, ನೊರೆ ಉಕ್ಕದಂತೆ ಒಂದು ಚಮಚ ಎಣ್ಣೆ ಬಿಡಿ. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ಮೊದಲ ಕೂಗಿನ ಬಳಿಕ ಉರಿ ತಗ್ಗಿಸಿ ಹದಿನೈದು ನಿಮಿಷ ಬಿಟ್ಟು, ಒತ್ತಡ ತಾನಾಗಿ ಇಳಿಯುವವರೆಗೆ ಮುಟ್ಟಬೇಡಿ. ತೆರೆದ ಪಾತ್ರೆಯಲ್ಲಿ ಬೇಯಿಸುವ ಹಟ ನಮ್ಮ ಊರುಗಳಿಗೆ ಅಷ್ಟು ಸರಿಹೊಂದದು. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,000 ಮೀಟರಿಗೂ ಎತ್ತರದಲ್ಲಿರುವುದರಿಂದ ಅಲ್ಲಿ ನೀರು 100 ಡಿಗ್ರಿಯ ಬದಲು 96-97 ಡಿಗ್ರಿಗೇ ಕುದಿಯುತ್ತದೆ. ಕಡಲತೀರದ ಹವಾನಾದ ಲೆಕ್ಕ ಇಲ್ಲಿ ಹಿಡಿಸುವುದಿಲ್ಲ.

ರುಚಿಯೆಲ್ಲ ಇರುವುದು 'ಸೋಫ್ರಿತೋ'ದಲ್ಲಿ. ಇದನ್ನು ಒಗ್ಗರಣೆ ಎಂದು ತಿಳಿದರೆ ಮೊದಲ ಹೆಜ್ಜೆಯಲ್ಲಿಯೇ ಎಡವಿದಂತೆ. ನಮ್ಮ ಒಗ್ಗರಣೆ ಕಾದ ಎಣ್ಣೆಯಲ್ಲಿ ಅರೆ ನಿಮಿಷದ ಕೆಲಸ, ಚಟಪಟ ಸದ್ದೇ ಅದರ ಹದ. ಸೋಫ್ರಿತೋ ಸದ್ದಿಲ್ಲದ ಕೆಲಸ. ಮೂರು ದೊಡ್ಡ ಚಮಚ ಆಲಿವ್ ಎಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ ಮತ್ತು ಉಳಿದರ್ಧ ದೊಣ್ಣೆ ಮೆಣಸಿನಕಾಯಿಯನ್ನು ಸಣ್ಣ ಉರಿಯಲ್ಲಿ ಹದಿನೈದು ನಿಮಿಷ, ಕೆಂಪಗಾಗಲು ಬಿಡದೆ, ಈರುಳ್ಳಿ ಗಾಜಿನಂತೆ ಪಾರದರ್ಶಕವಾಗಿ ಮೆಣಸಿನಕಾಯಿ ಸೌಟಿಗೆ ಒತ್ತಿದರೆ ಮುದ್ದೆಯಾಗುವವರೆಗೆ ಬಾಡಿಸಬೇಕು. ಆಮೇಲೆ ಜಜ್ಜಿದ ನಾಲ್ಕೈದು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ ಪುಡಿ, ಅರ್ಧ ಚಮಚ ಒಣ ಒರಿಗಾನೋ. ಸಾಸಿವೆ, ಕರಿಬೇವು, ಇಂಗು, ಖಾರದಪುಡಿ ಯಾವುದೂ ಬೇಡ. ಕ್ಯೂಬಾದ ಮನೆಯಡುಗೆ ಖಾರದ್ದಲ್ಲ ಎಂಬುದನ್ನು ನಂಬಲು ನನಗೇ ಒಂದು ವರ್ಷ ಹಿಡಿಯಿತು.

ಈ ಬಾಣಲೆಗೆ ಬೆಂದ ಕಾಳನ್ನು ಎರಡು ಸೌಟು ಹಾಕಿ, ಸೌಟಿನ ಬೆನ್ನಿನಿಂದ ಅರೆದು, ಎಲ್ಲವನ್ನೂ ಕಾಳಿನ ಪಾತ್ರೆಗೆ ಮರಳಿ ಸುರಿಯಿರಿ. ಹುರುಳಿ ಸಾರಿಗೆ ಒಂದು ಹಿಡಿ ಬೆಂದ ಕಾಳನ್ನು ರುಬ್ಬಿ ಸೇರಿಸುವ ನಮ್ಮ ಕ್ರಮವೇ ಇದು. ನಿಮ್ಮ ತಮ್ಮನವರಿಗೆ ಅಮ್ಮನ ಸಾರು ನೆನಪಾದದ್ದು ಬಹುಶಃ ಈ ಗಟ್ಟಿತನದಿಂದ. ಮುಚ್ಚಳ ತೆರೆದು ಇಪ್ಪತ್ತು ನಿಮಿಷ ಕುದಿಸಿ, ಒಲೆಯಿಂದ ಇಳಿಸುವ ಐದು ನಿಮಿಷ ಮೊದಲು ಒಂದು ದೊಡ್ಡ ಚಮಚ ವಿನೆಗರ್, ಒಂದು ಚಿಕ್ಕ ಚಮಚ ಸಕ್ಕರೆ ಹಾಕಿ. ಸಿಹಿ ನಾಲಿಗೆಗೆ ತಿಳಿಯಬಾರದು, ಹುಳಿಯ ಮೊನೆ ಮುರಿದರೆ ಸಾಕು. ಮಾಡಿದ ದಿನಕ್ಕಿಂತ ಮರುದಿನವೇ ಇದು ಚೆನ್ನ. ಒಂದು ರಾತ್ರಿ ಇಟ್ಟ ಕಾಳಿಗೆ ಅಲ್ಲಿನವರು 'ದೊರ್ಮಿದೋಸ್' ಎನ್ನುತ್ತಾರೆ, ಅಂದರೆ ಮಲಗಿ ನಿದ್ದೆ ಮಾಡಿದ ಕಾಳು.

ಹೇಮಾವತಿ ದಡ, ಸಕಲೇಶಪುರ

ಹಿಂದಿನ ಉತ್ತರ ಬಹಳ ಉಪಯುಕ್ತವಾಗಿದೆ. ಎರಡು ಎಲೆಗಳ ಬಗ್ಗೆ ಮತ್ತು ಒಂದು ಎಚ್ಚರಿಕೆಯ ಬಗ್ಗೆ ಬರೆಯಬೇಕೆನಿಸಿತು.

ಅಂಗಡಿಯಲ್ಲಿ ಪಲಾವ್ ಎಲೆಯೆಂದು ಕೊಡುವುದು ದಾಲ್ಚಿನ್ನಿಯ ಬಳಗದ ಮರದ ಎಲೆ. ಕ್ಯೂಬಾದ ಅಡುಗೆಯಲ್ಲಿ ಬಳಸುವುದು ಮೆಡಿಟರೇನಿಯನ್ ಕಡೆಯ ಲಾರೆಲ್ ಎಂಬ ಮರದ ಎಲೆ. ಕೈಯಲ್ಲಿ ಹಿಡಿದು ನೋಡಿದರೆ ಗುರುತು ಸಿಗುತ್ತದೆ: ನಮ್ಮದರಲ್ಲಿ ತೊಟ್ಟಿನಿಂದ ತುದಿಯವರೆಗೆ ಮೂರು ನರಗಳು ಉದ್ದಕ್ಕೆ ಹರಿದಿರುತ್ತವೆ, ಲಾರೆಲ್ ಎಲೆಯಲ್ಲಿ ನಡುವೆ ಒಂದೇ ದಪ್ಪ ನರವಿದ್ದು ಉಳಿದವು ಅದರಿಂದ ಅಡ್ಡಕ್ಕೆ ಕವಲೊಡೆಯುತ್ತವೆ. ನಿಮ್ಮ ಕಾಳಿಗೆ ಪಲಾವಿನ ವಾಸನೆ ಬಂದದ್ದು ಹೀಗೆ. ಸರಿಯಾದ ಎಲೆ ಸಿಗದಿದ್ದರೆ ಯಾವುದನ್ನೂ ಹಾಕದಿರುವುದೇ ವಾಸಿ.

ಒರಿಗಾನೋ ಸಿಗದಿದ್ದರೆ ಹಿತ್ತಲಿಗೆ ಹೋಗಿ. ನಾವು ತಂಬುಳಿಗೆ ಬಳಸುವ ದೊಡ್ಡಪತ್ರೆಗೆ ಇಂಗ್ಲಿಷಿನಲ್ಲಿ 'ಕ್ಯೂಬನ್ ಒರಿಗಾನೋ' ಎಂಬ ಹೆಸರೇ ಇದೆ, ಗಿಡದ ಮೂಲ ಕ್ಯೂಬಾ ಅಲ್ಲದಿದ್ದರೂ. ಎರಡರಲ್ಲಿಯೂ ಅಜವಾನದ ಘಾಟನ್ನು ಹೋಲುವ ಪರಿಮಳವಿದೆ. ಕಾಲು ಕಿಲೋ ಕಾಳಿಗೆ ಎರಡು ಎಲೆ ಸಾಕು. ಮೂರನೆಯದು ಬಿದ್ದರೆ ಕಷಾಯವಾಗುತ್ತದೆ.

ಎಚ್ಚರಿಕೆ ಇದು. ಕೆಂಡದ ಒಲೆಯ ಮೇಲೆ ರಾತ್ರಿಯಿಡೀ ಇಡುವುದು, ವಿದ್ಯುತ್ತಿನ ನಿಧಾನ ಕುಕ್ಕರಿನಲ್ಲಿ ಹಸಿ ಕಾಳನ್ನು ನೇರವಾಗಿ ಹಾಕುವುದು ಬೇಡ. ರಾಜ್ಮಾ ಜಾತಿಯ ಕಾಳುಗಳಲ್ಲಿ ಲೆಕ್ಟಿನ್ ಎಂಬ ವಿಷಕಾರಿ ಅಂಶವಿದೆ. ಕೆಂಪು ರಾಜ್ಮಾದಲ್ಲಿ ಹೆಚ್ಚು, ಕಪ್ಪಿನಲ್ಲಿ ಕಡಿಮೆ. ಚೆನ್ನಾಗಿ ಕುದಿದರೆ ಅದು ನಾಶವಾಗುತ್ತದೆ, ಅರೆಬೆಂದರೆ ವಾಂತಿ, ಭೇದಿ ತರುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಲಹೆಯಂತೆ ಕಾಳನ್ನು ಕನಿಷ್ಠ 5 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕುದಿಸಬೇಕು. ಹೀಗಿರುವಾಗ ನೆನೆದ ನೀರನ್ನೇ ಬಳಸಿ ಎಂಬ ಸಲಹೆ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಹೊಟ್ಟೆಯುಬ್ಬರ ತರುವ ಸಕ್ಕರೆಯ ಅಂಶಗಳೂ ಆ ನೀರಿಗೆ ಇಳಿದಿರುತ್ತವೆ. ಮನೆಯಲ್ಲಿ ವಯಸ್ಸಾದವರಿದ್ದರೆ ಅದನ್ನೂ ಯೋಚಿಸಬೇಕಾಗುತ್ತದೆ.

ಹಡಗಿನಡುಗೆ, ಹಾಸನ

ಮೇಡಂ ಅವರ ಆಕ್ಷೇಪ ನ್ಯಾಯವಾದದ್ದು. ಕುಕ್ಕರಿನ ಒತ್ತಡದಲ್ಲಿ ಕಾಳು ಪೂರ್ತಿ ಬೆಂದ ಮೇಲೆ ಲೆಕ್ಟಿನ್ ಉಳಿಯುವುದಿಲ್ಲವೆಂಬ ನಂಬಿಕೆಯಿಂದಲೇ ನಾನು ನೀರನ್ನು ಉಳಿಸಿಕೊಳ್ಳಲು ಹೇಳಿದ್ದು. ಹೊಟ್ಟೆಯುಬ್ಬರದ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ನಡುದಾರಿಯೊಂದಿದೆ: ನೆನೆಸುವುದನ್ನು ನಾಲ್ಕೈದು ಗಂಟೆಗೆ ಇಳಿಸಿ, ನೀರು ಚೆಲ್ಲಿ, ಕುಕ್ಕರಿನಲ್ಲಿ ಹತ್ತು ನಿಮಿಷ ಹೆಚ್ಚು ಬಿಡಿ. ಬಣ್ಣ ಸ್ವಲ್ಪ ತಗ್ಗಿದರೂ ಬೂದಿಯಾಗುವುದಿಲ್ಲ.

ತೋಟದಮನೆ, ಚಿಕ್ಕಮಗಳೂರು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮತ್ತೊಮ್ಮೆ ಮಾಡಿದೆ. ಬೋರ್‌ವೆಲ್ ನೀರನ್ನು ಬಿಟ್ಟು, ಮಳೆಗಾಲದಲ್ಲಿ ತುಂಬಿಕೊಂಡಿರುವ ಮೇಲಿನ ಮನೆಯ ಬಾವಿಯಿಂದ ಎರಡು ಕೊಡ ತರಿಸಿದೆ. ಅಮ್ಮನಿಗೆ ವಾಯುವಿನ ತೊಂದರೆ ಇರುವುದರಿಂದ ನಡುದಾರಿಯನ್ನೇ ಹಿಡಿದು, ಐದು ಗಂಟೆ ನೆನೆಸಿ ನೀರು ಚೆಲ್ಲಿದೆ. ಕುಕ್ಕರ್ ತೆರೆದಾಗ ಒಂದು ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿದರೆ ಬೆಣ್ಣೆಯಂತೆ ಜಾರಿತು. ಸಿಪ್ಪೆ ಕಾಳನ್ನು ಬಿಟ್ಟಿರಲಿಲ್ಲ. ಬಣ್ಣ ಅಚ್ಚಗಪ್ಪಲ್ಲ, ಕಾಫಿ ಡಿಕಾಕ್ಷನ್ನಿನಷ್ಟು.

ಸೋಫ್ರಿತೋಗೆ ಹದಿನೈದು ನಿಮಿಷ ನಿಲ್ಲುವುದೇ ಕಷ್ಟವಾಯಿತು. ಕೈ ತಾನಾಗಿ ಎರಡು ಸಲ ಸಾಸಿವೆ ಡಬ್ಬಿಗೆ ಹೋಗಿ ಹಿಂದಕ್ಕೆ ಬಂತು. ದೊಡ್ಡಪತ್ರೆ ಎರಡೇ ಎಲೆ ಹಾಕಿದೆ. ಒಂದು ಸಣ್ಣ ತಪ್ಪು ನಡೆದುಹೋಯಿತು: ವಿನೆಗರ್ ಒಂದು ಚಮಚ ಹೆಚ್ಚು ಬಿತ್ತು, ಸಕ್ಕರೆ ಸ್ವಲ್ಪ ಏರಿಸಿ ಸರಿದೂಗಿಸಬೇಕಾಯಿತು. ರಾತ್ರಿ ತಮ್ಮ ಅನ್ನದ ನಡುವೆ ಗುಳಿ ಮಾಡಿ ಹಾಕಿಸಿಕೊಂಡು, ಮೊದಲ ತುತ್ತಿಗೆ ಏನೂ ಹೇಳದೆ, ಎರಡನೆಯ ಸಲ ತಾನೇ ಸೌಟು ತೆಗೆದುಕೊಂಡ. ಫ್ರಿಜ್ಜಿನಲ್ಲಿಟ್ಟ ಉಳಿದದ್ದನ್ನು ಇಂದು ಬೆಳಿಗ್ಗೆ ಕುದಿಸಿ ಅಕ್ಕಿರೊಟ್ಟಿಯ ಜೊತೆ ಕೊಟ್ಟೆ. ನಿನ್ನೆಗಿಂತ ನಿಜವಾಗಿಯೂ ಗಟ್ಟಿಯಾಗಿ, ಹದವಾಗಿ ಕೂಡಿಕೊಂಡಿತ್ತು. ಅಮ್ಮ ಮಾತ್ರ ಎರಡು ಹೊತ್ತೂ ಪಕ್ಕದಲ್ಲಿ ಉಪ್ಪಿನಕಾಯಿ ಇಟ್ಟುಕೊಂಡೇ ಉಂಡರು.

ಕೊನೆಯದಾಗಿ ಒಂದು ಪ್ರಶ್ನೆ. ಆ ಹೋಟೆಲಿನಲ್ಲಿ ಇದರ ಜೊತೆ ಕರಿದ ಬಾಳೆಹಣ್ಣು ಕೊಡುತ್ತಿದ್ದರಂತೆ. ಅದಕ್ಕೆ ನಮ್ಮ ಯಾವ ಬಾಳೆ ಹೊಂದುತ್ತದೆ? ಹಾಗೆಯೇ ಕಾಳು, ಅಕ್ಕಿ ಎರಡನ್ನೂ ಕೂಡಿಸಿ ಬೇಯಿಸುವ ಇನ್ನೊಂದು ಬಗೆಯಿದೆ ಎಂದೂ ತಮ್ಮ ಹೇಳಿದ.

ಹಡಗಿನಡುಗೆ, ಹಾಸನ

ನೇಂದ್ರ ಬಾಳೆ. ಪುಟ್ಟಬಾಳೆ, ಏಲಕ್ಕಿಬಾಳೆಗಳು ಎಣ್ಣೆಯಲ್ಲಿ ಕರಗಿಹೋಗುತ್ತವೆ. ಸಿಪ್ಪೆ ಮುಕ್ಕಾಲು ಭಾಗ ಕಪ್ಪಾಗುವವರೆಗೆ ಬಿಟ್ಟು, ಅರ್ಧ ಬೆರಳು ದಪ್ಪಕ್ಕೆ ಓರೆಯಾಗಿ ಕೊಯ್ದು, ಹಿಟ್ಟು ಹಚ್ಚದೆ ಮಧ್ಯಮ ಉರಿಯಲ್ಲಿ ಕರಿಯಿರಿ. ಅಂಚು ಬೆಲ್ಲದ ಬಣ್ಣಕ್ಕೆ ಬಂದಾಗ ತೆಗೆಯಿರಿ.

ಕೂಡಿಸಿ ಬೇಯಿಸುವುದಕ್ಕೆ 'ಮೋರೋಸ್ ಇ ಕ್ರಿಸ್ತಿಯಾನೋಸ್' ಎನ್ನುತ್ತಾರೆ. ಒಂದು ಕಾಲದಲ್ಲಿ ಸ್ಪೇನನ್ನು ಆಳಿದ 'ಮೂರ್' ಎಂಬ ಮುಸ್ಲಿಮರು ಕಪ್ಪು ಕಾಳು, ಅವರೊಡನೆ ಕಾದಾಡಿದ ಕ್ರೈಸ್ತರು ಬಿಳಿ ಅಕ್ಕಿ ಎಂಬ ಹಳೆಯ ಹೋಲಿಕೆ ಆ ಹೆಸರಿನಲ್ಲಿದೆ. ದ್ವೀಪದ ಪೂರ್ವಕ್ಕೆ, ಸಾಂತಿಯಾಗೋ ಕಡೆಗೆ ಹೋದರೆ ಕೆಂಪು ಕಾಳಿನಲ್ಲಿ ಮಾಡಿ 'ಕೊಂಗ್ರಿ' ಎನ್ನುತ್ತಾರೆ. ಅದಕ್ಕೆ ಬೆಂದ ಕಾಳಿನ ಕಟ್ಟಿನಲ್ಲಿಯೇ ಅಕ್ಕಿ ಬೇಯಬೇಕು. ನೀರಿನ ಬದಲು ಆ ಕಟ್ಟನ್ನು ಅಳೆದು ಹಾಕಿ. ನಿಮ್ಮ ಬಳಿ ಇನ್ನೂ ಒಂದು ಪೊಟ್ಟಣ ಇರಬೇಕಲ್ಲ, ತಮ್ಮನವರು ಹೊರಡುವ ಮುನ್ನ ಒಂದು ಸಲ ಮಾಡಬಹುದು.