ರಾಮಣ್ಣ ರೈಯವರ ಬಗ್ಗೆ ತಿಳಿದವರು ಹೇಳುತ್ತೀರಾ?

ಕುಂಬಳೆಯ ಕನ್ನಡ ಮೇಷ್ಟ್ರು:
ಎಂ. ರಾಮಣ್ಣ ರೈಯವರು ಕಾಸರಗೋಡಿನಿಂದ ಲೋಕಸಭೆಗೆ ಎಷ್ಟು ಸಲ ಹೋದರು? ಶಾಲೆಯ ಸಂಚಿಕೆಗೆ ಬರೆಯಬೇಕು. ನಮ್ಮ ಕಡೆಯವರೊಬ್ಬರು ದಿಲ್ಲಿಯಲ್ಲಿ ಕೂತಿದ್ದರು ಅನ್ನೋದೇ ಮಕ್ಕಳಿಗೆ ಗೊತ್ತಿಲ್ಲ. ಅದು ನನಗೆ ತುಂಬಾ ನೋವಿನ ವಿಷಯ.

ಬದಿಯಡ್ಕದವ:
ಮೂರು ಸಲ ಮೇಷ್ಟ್ರೇ. 1980, 1989, 1991. ಪಕ್ಷ ಸಿಪಿಎಂ. ನಡುವೆ 1984ರಲ್ಲಿ ಕಾಂಗ್ರೆಸ್ಸಿನ ಐ. ರಾಮ ರೈ ಗೆದ್ದರು.

ಪೈವಳಿಕೆಯ ಹಿರಿಯ:
ವರ್ಷ ಮಾತ್ರ ಬರೆದರೆ ಸಾಲದು ಮೇಷ್ಟ್ರೇ. ಈ ಕ್ಷೇತ್ರ ನಮ್ಮ ಮಂಜೇಶ್ವರಕ್ಕೇ ನಿಲ್ಲುವುದಿಲ್ಲ. ತೆಂಕಕ್ಕೆ ತೃಕ್ಕರಿಪುರ, ಪಯ್ಯನ್ನೂರು. ಅಲ್ಲೆಲ್ಲ ಮಲಯಾಳದ ಮತಗಳೇ ಜಾಸ್ತಿ. ಗಡಿಯ ಕನ್ನಡಿಗರ ಬೆಂಬಲ ಒಂದರಿಂದಲೇ ಗೆಲ್ಲೋಕಾಗಲ್ಲ, ಅಲ್ವಾ? 1957ರಿಂದ ಸತತ ಮೂರು ಸಲ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಗೆದ್ದ ಸೀಟು ಇದು. 1971ರಲ್ಲಿ ಕಾಂಗ್ರೆಸ್ಸಿನ ಎಳೆಯ ವಯಸ್ಸಿನ ಕಡನ್ನಪ್ಪಳ್ಳಿ ರಾಮಚಂದ್ರನ್ ಇಲ್ಲಿ, ಮುಂದೆ ಕೇರಳದ ಮುಖ್ಯಮಂತ್ರಿಯಾದ ಸಿಪಿಎಂನ ಇ.ಕೆ. ನಾಯನಾರರನ್ನೇ ಸೋಲಿಸಿದರು. 1977ರಲ್ಲೂ ಅವರೇ. ಆ ಸೀಟನ್ನು 1980ರಲ್ಲಿ ಸಿಪಿಎಂಗೆ ಮರಳಿ ತಂದವರು ರಾಮಣ್ಣ ರೈಯವರು. ಇದನ್ನು ದೊಡ್ಡದಾಗಿಯೇ ಬರೆಯಿರಿ.

ಬದಿಯಡ್ಕದವ:
ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಹಳೆಯ ಲೋಕಸಭಾ ಚರ್ಚೆಗಳಿವೆ. ಹೆಸರು ಹಾಕಿ ಹುಡುಕಿ. ಅವರ ಮಾತುಗಳನ್ನೇ ಮಕ್ಕಳು ಓದಲಿ.

ಕುಂಬಳೆಯ ಕನ್ನಡ ಮೇಷ್ಟ್ರು:
ಇವತ್ತೇ ನೋಡುತ್ತೇನೆ. ಹಿರಿಯರೇ, ಅವರ ಫೋಟೊ ಯಾರಲ್ಲಾದರೂ ಸಿಗಬಹುದೇ?