ಪದ ಬೇಕು: ‘ಅನ್ಯೂರಿಸಂ ಅಲ್ಲದ’ ಮಿದುಳು ರಕ್ತಸ್ರಾವ

ಮಾನ್ಯರೇ,
ರೋಗಿಗಳಿಗೆ ಕೊಡುವ ಮಾಹಿತಿಪತ್ರವೊಂದು ಸಂಜೆ ಅಚ್ಚಿಗೆ ಹೋಗಬೇಕು. ‘ನಾನ್-ಅನ್ಯೂರಿಸ್ಮಲ್ ಕನ್ವೆಕ್ಸಿಟಿ ಸಬ್‌ಅರಾಕ್ನಾಯ್ಡ್ ಹೆಮರೇಜ್’ಗೆ ‘ಉಬ್ಬಿಲ್ಲದ ಮಿದುಳು ಮೇಲ್ಮೈ ರಕ್ತಸ್ರಾವ’ ಎಂದು ಹಾಕಿದ್ದೇನೆ (ಅನ್ಯೂರಿಸಂ ಎಂದರೆ ಧಮನಿಯ ಗೋಡೆಯ ಉಬ್ಬು). ನಡೆಯುತ್ತದೆಯೇ?

ಮರು:
ನಡೆಯದು. ‘ಮೇಲ್ಮೈ’ ಎಂದರೆ ಸಬ್‌ಡ್ಯೂರಲ್ (ಹೊರಪೊರೆಯಡಿಯ) ಹೆಪ್ಪೂ ಅದರೊಳಗೇ ಬಂತು. ಇಲ್ಲಿ ರಕ್ತ ನಿಲ್ಲುವುದು ಮಿದುಳನ್ನು ಸುತ್ತಿದ ಅರಾಕ್ನಾಯ್ಡ್ ಪೊರೆಯ ಕೆಳಗೆ, ಮಿದುಳಿನ ಮಡಿಕೆಗಳ ಸಂದಿಯಲ್ಲಿ. ಗ್ರೀಕಿನ ‘ಅರಾಕ್ನೆ’ ಎಂದರೆ ಜೇಡ. ‘ಜೇಡಪೊರೆಯಡಿ ನೆತ್ತರು’ ಎನ್ನಿ. ಹಳಗನ್ನಡದಿಂದಲೂ ‘ನೆತ್ತರ್’ ಇರುವಾಗ ಸಂಸ್ಕೃತಕ್ಕೆ ಕೈಯೊಡ್ಡುವುದೇಕೆ?

ಮರು:
ಮನೆಯವರು ತಲೆಯೊಳಗೆ ಜೇಡ ಬಲೆ ಕಟ್ಟಿದೆ ಎಂದುಕೊಂಡಾರು. ಗ್ರೀಕ್ ಬಿಡಿಸಿ ತೋರಿಸುವುದು ನಿಘಂಟಿನ ಕೆಲಸ.

ತೊಡಕಿರುವುದು ‘ಉಬ್ಬಿಲ್ಲದ’ದಲ್ಲಿ. ಉಬ್ಬು ಇದ್ದೂ ರಕ್ತ ಬೇರೆಡೆಯಿಂದ ಸೋರಿರಬಹುದು. ‘ಉಬ್ಬಿನಿಂದಲ್ಲದ’ ಆಗಬೇಕು; ಅದನ್ನೂ ಆಂಜಿಯೋಗ್ರಾಂ (ರಕ್ತನಾಳಗಳ ಚಿತ್ರ) ಆದಮೇಲಷ್ಟೇ ಹೇಳಬಹುದು. ಉಬ್ಬು ಒಡೆದರೆ ರಕ್ತ ಸಾಮಾನ್ಯವಾಗಿ ಮಿದುಳಿನ ಬುಡದ ಸಿಸ್ಟರ್ನ್‌ಗಳಲ್ಲಿ (ದ್ರವವಿರುವ ಪೊಳ್ಳುಗಳಲ್ಲಿ) ತುಂಬುತ್ತದೆ. ಇದರಲ್ಲಿ ಬುಡ ಶುಭ್ರ. ಸಿಟಿಯಲ್ಲಿ ನೆತ್ತಿಯ ಕಡೆ ಒಂದೆರಡು ಮಡಿಕೆಗಳಲ್ಲಿ ಬಿಳಿ ದಾರದಂಥ ಗೆರೆ. ಸಿಟಿ ಬಿಟ್ಟದ್ದನ್ನು ಎಂಆರ್‌ಐ ಹಿಡಿಯುತ್ತದೆ: ಅದರ ಫ್ಲೇರ್ ಎಂಬ ಬಗೆಯ ಚಿತ್ರದಲ್ಲಿ ಬೆಳ್ಳಗೆ, ಎಸ್‌ಡಬ್ಲ್ಯುಐ ಎಂಬ ಬಗೆಯಲ್ಲಿ ಕಪ್ಪಗೆ.

ಬಿದ್ದು ಪೆಟ್ಟಾಗಿತ್ತೇ ಎಂದು ಮೊದಲು ಕೇಳಬೇಕು, ಹೆಚ್ಚಿನವು ಅದರಿಂದಲೇ. 60 ದಾಟದವರಿಗೆ ಸಿಡಿಲು ಬಡಿದಂಥ ತಲೆನೋವು ಮತ್ತೆ ಮತ್ತೆ ಬಂದಿದ್ದರೆ ಆರ್‌ಸಿವಿಎಸ್ (ಮಿದುಳಿನ ಧಮನಿಗಳು ತಾತ್ಕಾಲಿಕವಾಗಿ ಕಿರಿದಾಗುವ ತೊಂದರೆ) ಗುಮಾನಿ. ಮೊದಲ ವಾರದ ಆಂಜಿಯೋ ಸರಿಯಾಗಿಯೇ ಕಾಣಬಹುದು, ಮತ್ತೊಮ್ಮೆ ಮಾಡಬೇಕು. 60 ದಾಟಿದವರಲ್ಲಿ ಅಮಿಲಾಯ್ಡ್ (ಮಿದುಳಿನ ರಕ್ತನಾಳಗಳ ಗೋಡೆಯಲ್ಲಿ ಕೂಡಿಕೊಳ್ಳುವ ಪ್ರೋಟೀನು): ನಿಮಿಷಗಳಲ್ಲಿ ಜೋಮು ಬೆರಳಿನಿಂದ ತೋಳಿಗೆ, ಮುಖಕ್ಕೆ ಏರುತ್ತದೆ. ಟಿಐಎ (ತಾತ್ಕಾಲಿಕ ಪಾರ್ಶ್ವವಾಯು) ಎಂದು ತಿಳಿದು ರಕ್ತ ತೆಳುಮಾಡುವ ಮಾತ್ರೆ ಕೊಟ್ಟರೆ ಕೆಟ್ಟಿತು. ಸಿರೆಯಲ್ಲಿ ಹೆಪ್ಪುಗಟ್ಟಿದ್ದರೆ ತಿರುಗುಮುರುಗು. ರಕ್ತ ಸೋರಿದ್ದರೂ ಹೆಪ್ಪು ತಡೆಯುವ ಹೆಪಾರಿನ್ ಬೇಕಾಗುತ್ತದೆ. ಹಾಗಾಗಿ ವೀನೋಗ್ರಾಂ (ಸಿರೆಗಳ ಚಿತ್ರ) ಬಿಡುವಂತಿಲ್ಲ. ಇವಿಷ್ಟನ್ನೂ ಒಂದು ಸಮಾಸದೊಳಗೆ ತುರುಕಬೇಡಿ.

ಮರು:
‘ಸಿರೆ’ ಸಂಸ್ಕೃತ, ‘ಗುಮಾನಿ’ ಪಾರಸಿ. ಕನ್ನಡವೆಲ್ಲಿ ಸ್ವಾಮಿ?

ಮರು:
‘ಉಬ್ಬು’, ‘ಮಡಿಕೆ’, ‘ಹೆಪ್ಪು’, ‘ಪೊರೆ’ ಕಣ್ಣಿಗೆ ಬೀಳಲಿಲ್ಲವೇ? ಬ್ಲಡ್ ಬ್ಯಾಂಕಿನ ಬಾಗಿಲಿಗೆ ‘ನೆತ್ತರು ಮನೆ’ ಎಂದು ಬರೆಸಿ, ಯಾರು ಒಳಗೆ ಬರುತ್ತಾರೆ ನೋಡೋಣ.

ಮರು:
ಜಗಳ ಆಮೇಲೆ. ‘ಮಿದುಳಿನ ಮಡಿಕೆಗಳ ಸಂದಿಯಲ್ಲಿ ರಕ್ತಸ್ರಾವ, ಧಮನಿಯ ಉಬ್ಬು ಕಾರಣವಲ್ಲ’ ಎಂದು ಕಳಿಸುತ್ತಿದ್ದೇನೆ.

ಮರು:
‘ಸಂದಿ’ಯೂ ಸಂಸ್ಕೃತದ ‘ಸಂಧಿ’ಯೇ. ಗಮನಕ್ಕೆ.